ಪದ ಪರಿಚಯ: ಪೇವ್‌ಮೆಂಟ್ ಕಂಡಿಷನ್ ಇಂಡೆಕ್ಸ್ (ಪಿಸಿಐ)

ರಸ್ತೆಯ ಮೇಲ್ಮೈಗೆ ಅಂಕ ಕೊಡುವ ಪದ್ಧತಿ ಇದು. ಆಗಷ್ಟೇ ಡಾಂಬರು ಹಾಕಿದ ರಸ್ತೆಗೆ 100, ಪೂರಾ ಕಿತ್ತುಹೋದದ್ದಕ್ಕೆ 0. 1970ರ ದಶಕದಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ವಾಯುನೆಲೆಗಳ ರನ್‌ವೇಗಾಗಿ ರೂಪಿಸಿದ್ದು, ಆಮೇಲೆ ಊರೊಳಗಿನ ಬೀದಿಗಳಿಗೂ ಬಂತು. ರಸ್ತೆಗಳ ಮಟ್ಟಿಗೆ, ಮಾನದಂಡಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ‘ಡಿ 6433’ ಇದರ ಮಾನದಂಡ.

ಬೀದಿಯನ್ನು ಸುಮಾರು 225 ಚದರ ಮೀಟರಿನ ತುಂಡುಗಳಾಗಿ ವಿಂಗಡಿಸಿ, ಅವುಗಳಲ್ಲಿ ಕೆಲವನ್ನು ಆರಿಸಿ ಪರೀಕ್ಷಿಸುತ್ತಾರೆ. ಯಾವ ಬಗೆಯ ಹಾನಿ, ಎಷ್ಟು ತೀವ್ರ, ಎಷ್ಟು ಜಾಗದಲ್ಲಿ ಎಂಬುದನ್ನು ನೋಡಿ 100ರಿಂದ ಅಂಕ ಕಳೆಯುತ್ತಾರೆ. ಎಲ್ಲ ಬಿರುಕೂ ಒಂದೇ ಅಲ್ಲ. ಬಿಸಿಲು-ಚಳಿಯಿಂದ ರಸ್ತೆಗೆ ಅಡ್ಡಲಾಗಿ ಬಿಟ್ಟ ಗೆರೆಯನ್ನು ಡಾಂಬರು ತುಂಬಿ ಮುಚ್ಚಬಹುದು. ಚಕ್ರ ಹಾಯುವ ಜಾಗದಲ್ಲಿ ಮೊಸಳೆ ಚರ್ಮದಂತೆ ಬಲೆ ಬಿಟ್ಟಿದ್ದರೆ, ಪದರಗಳು ಭಾರ ತಾಳುತ್ತಿಲ್ಲ ಎಂದರ್ಥ. ಮೇಲೆ ತೆಳ್ಳಗೆ ಬಳಿದರೆ ಪ್ರಯೋಜನವಿಲ್ಲ.

ಈ ಅಂಕ ಸಣ್ಣ ನಗರಗಳಿಗೆ ಯಾಕೆ ಬೇಕು? ರಸ್ತೆ ಒಂದೇ ವೇಗದಲ್ಲಿ ಹಾಳಾಗುವುದಿಲ್ಲ. ಮೊದಲ ಕೆಲವು ವರ್ಷ ಅಂಕ ನಿಧಾನಕ್ಕೆ ಇಳಿಯುತ್ತದೆ, ಬಿರುಕಿನೊಳಗೆ ನೀರು ಹೊಕ್ಕಮೇಲೆ ದಡದಡ ಬೀಳುತ್ತದೆ. 75 ಅಂಕವಿದ್ದಾಗ ಬಿರುಕು ಮುಚ್ಚಿ ತೆಳುವಾದ ಲೇಪ ಕೊಟ್ಟರೆ ಸಾಕಾಗುತ್ತಿದ್ದ ಬೀದಿ 30ಕ್ಕೆ ಇಳಿದರೆ ಅಗೆದು ಹೊಸದಾಗಿ ಕಟ್ಟಬೇಕಾಗಬಹುದು. ಖರ್ಚು ಹಲವು ಪಟ್ಟು. ಹಾಗಾಗಿ ಕೈಯಲ್ಲಿರುವುದು ಅಲ್ಪ ಹಣವಾದರೆ ಮೊದಲು ನೋಡಿಕೊಳ್ಳಬೇಕಾದದ್ದು ಇನ್ನೂ ಚೆನ್ನಾಗಿರುವ ಬೀದಿಗಳನ್ನು. ತೀರಾ ಕೆಟ್ಟ ರಸ್ತೆ ಇನ್ನೆಷ್ಟು ಕೆಡಲು ಸಾಧ್ಯ? ಗುಂಡಿ ಮುಚ್ಚಿ ಅಪಾಯ ತಪ್ಪಿಸಿ, ಹಣ ಕೂಡಿಬರುವ ತನಕ ಅದನ್ನು ಕಾಯಿಸಬಹುದು.

ಲೆಕ್ಕ ಸರಿ, ರಾಜಕೀಯ ಕಷ್ಟ. ಗುಂಡಿಬಿದ್ದ ಬೀದಿಯವರ ಕಣ್ಣೆದುರೇ ಪಕ್ಕದ ನುಣುಪು ರಸ್ತೆಗೆ ಲೇಪ ಬಿದ್ದರೆ ಅವರು ಸುಮ್ಮನಿರುತ್ತಾರೆಯೇ? ಅವರ ಸಿಟ್ಟು ನ್ಯಾಯವಾದದ್ದೇ. ಅದಕ್ಕೇ ಹಲವು ಕಡೆ ಬಜೆಟ್ಟಿನ ಒಂದು ಪಾಲನ್ನು ಪುನರ್ನಿರ್ಮಾಣಕ್ಕೆಂದೇ ತೆಗೆದಿಡುತ್ತಾರೆ.

ಊರಿನ ಸರಾಸರಿ ಅಂಕವನ್ನು ಮಾತ್ರ ನಂಬಬೇಡಿ. ಎಲ್ಲ ಬೀದಿಗೂ 68 ಇದ್ದರೂ, ಅರ್ಧಕ್ಕೆ 95 ಮತ್ತು ಉಳಿದರ್ಧಕ್ಕೆ 41 ಇದ್ದರೂ ಸರಾಸರಿ ಒಂದೇ. ಬೇಕಾಗುವ ಕಾಮಗಾರಿ ಬೇರೆ ಬೇರೆ.

ಹಣದ ಚರ್ಚೆ ಶುರುವಾಗುವುದೂ ಇಲ್ಲಿಂದಲೇ. ಈಗಿನ ಬಜೆಟ್ಟಿನಲ್ಲಿ 10 ವರ್ಷದ ನಂತರ ಅಂಕ ಎಷ್ಟಿರುತ್ತದೆ, ಈಗಿರುವಷ್ಟನ್ನೇ ಉಳಿಸಿಕೊಳ್ಳಲು ವರ್ಷಕ್ಕೆಷ್ಟು ಬೇಕು ಎಂದು ಅಂದಾಜಿಸಬಹುದು. ಒಮ್ಮೆ ಬಂದುಹೋಗುವ ಅನುದಾನದಿಂದ ನಿರ್ವಹಣೆ ನಡೆಯದು, ಅದಕ್ಕೆ ವರ್ಷವರ್ಷವೂ ಬರುವ ಆದಾಯ ಬೇಕು. ಅಮೆರಿಕದ ಒರೆಗಾನ್ ರಾಜ್ಯದ ಆಶ್‌ಲ್ಯಾಂಡ್, ಮೆಡ್‌ಫರ್ಡ್‌ನಂಥ ಊರುಗಳು ಇದಕ್ಕಾಗಿ ನಿವಾಸಿಗಳಿಂದ ರಸ್ತೆ ಶುಲ್ಕ ವಸೂಲಿ ಮಾಡುತ್ತವೆ. ಸಾಲ ಎತ್ತುವುದೂ ಉಂಟು. ಆದರೆ ಆರೇಳು ವರ್ಷ ಬಾಳುವ ಲೇಪಕ್ಕೆ 20 ವರ್ಷದ ಸಾಲ ಮಾಡುವುದು ದಡ್ಡತನ.

ಪಿಸಿಐ ಕಣ್ಣಿಗೆ ಕಾಣುವ ಹಾನಿಯನ್ನಷ್ಟೇ ಎಣಿಸುತ್ತದೆ. ಅಡಿಪಾಯದ ಬಲವನ್ನು ನೇರವಾಗಿ ಅಳೆಯುವುದಿಲ್ಲ, ಚರಂಡಿ ಕಟ್ಟಿಕೊಂಡಿದೆಯೇ ಎಂದು ಕೇಳುವುದಿಲ್ಲ, ಮುಂದಿನ ವರ್ಷ ಅಲ್ಲೇ ನೀರಿನ ಪೈಪಿಗಾಗಿ ಅಗೆಯಲಿದ್ದಾರೆ ಎಂಬುದೂ ಅದಕ್ಕೆ ಗೊತ್ತಿಲ್ಲ. ಕಾಮಗಾರಿ ಪಟ್ಟಿ ಅಂತಿಮಗೊಳಿಸುವ ಮುನ್ನ ನೀರು, ಒಳಚರಂಡಿ ವಿಭಾಗದವರನ್ನು ಕೂರಿಸಿಕೊಂಡು ಅವರ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.