ಬೂಸ್ಟ್ ಏರಿಸಿದ್ದೇನೆ, ವಾಲ್ವ್ ಸ್ಪ್ರಿಂಗ್ ಬದಲಿಸಬೇಕಾ?

ಪ್ರಶ್ನೆ: ಸಾರ್, ನನ್ನದು 2017ರ ಆಕ್ಟೇವಿಯಾ ಆರ್‌ಎಸ್. ಸ್ಟೇಜ್ 1 ರಿಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಬೂಸ್ಟ್ ಏರಿಸುವುದು) ಆಗಿದೆ. ಗಟ್ಟಿ ವಾಲ್ವ್ ಸ್ಪ್ರಿಂಗ್ ಹಾಕಿಸದಿದ್ದರೆ ಇಂಜಿನ್ ಹೋಗುತ್ತೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಯಾವಾಗ ಹಾಕಿಸಲಿ?

ಉತ್ತರ: ಸದ್ಯಕ್ಕೆ ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಕಾರು ಮಾತ್ರ ಬೇರೆ ಬೇರೆ. ಎಲ್ಲರ ತಲೆಯಲ್ಲೂ ಕೂತಿರುವುದು ಒಂದೇ ಮಾತು: ಬೂಸ್ಟ್, ಅಂದರೆ ಟರ್ಬೋ ತುಂಬುವ ಗಾಳಿಯ ಒತ್ತಡ, ಜಾಸ್ತಿಯಾದರೆ ವಾಲ್ವ್ ತೇಲುತ್ತದೆ, ಅಂದರೆ ಸಮಯಕ್ಕೆ ಸರಿಯಾಗಿ ಮುಚ್ಚುವುದಿಲ್ಲ.

ವಾಲ್ವ್ ತೇಲುವುದು ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತಿಗೆ), ಬೂಸ್ಟಿಗಲ್ಲ. ಕ್ಯಾಮ್ ವಾಲ್ವನ್ನು ತಳ್ಳಿ ತೆರೆಯುತ್ತದೆ, ವಾಪಸ್ ತರುವ ಕೆಲಸ ಸ್ಪ್ರಿಂಗಿನದು. ಇಂಜಿನ್ ಜೋರಾಗಿ ತಿರುಗಿದಷ್ಟೂ ಅದಕ್ಕೆ ಸಿಗುವ ಸಮಯ ಕಮ್ಮಿ. ಬೇಕಾಗುವ ಬಲ ಆರ್‌ಪಿಎಂನ ವರ್ಗದಂತೆ ಏರುತ್ತದೆ. 6,500ರಿಂದ 7,500ಕ್ಕೆ ಹೋದರೆ ಸುಮಾರು 33% ಜಾಸ್ತಿ. ಈ ಲೆಕ್ಕದಲ್ಲಿ ಬೂಸ್ಟ್ ಎಲ್ಲಿದೆ, ಹುಡುಕಿ ನೋಡೋಣ! ನಿಮ್ಮ ಕಾರಿನ 350 ಎನ್‌ಎಂ ಟಾರ್ಕ್ ಸಿಗುವುದು 1,500ರಿಂದ 4,600ರ ಒಳಗೆ. ರಿಮ್ಯಾಪ್ ಉಬ್ಬಿಸುವುದೂ ಹೆಚ್ಚಾಗಿ ಆ ಭಾಗವನ್ನೇ. ಸ್ಪ್ರಿಂಗಿಗೆ ಅದು ಗೊತ್ತೂ ಆಗುವುದಿಲ್ಲ.

‘ಬೂಸ್ಟ್ ವಾಲ್ವಿನ ಬೆನ್ನಿಗೆ ಒತ್ತುತ್ತಲ್ವಾ ಸಾರ್?’ ಒತ್ತುತ್ತದೆ. 33 ಎಂಎಂ ವಾಲ್ವಿಗೆ 1.5 ಬಾರ್ ಅಂದರೆ ಸುಮಾರು 13 ಕೆಜಿ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ವಾಲ್ವ್ ತೆರೆದಿದ್ದಾಗ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಒತ್ತಡ. ಮುಚ್ಚಿದ ಮೇಲೆ ಕಂಪ್ರೆಷನ್ನೇ ಅದನ್ನು ಸೀಟಿಗೆ ಅದುಮಿ ಹಿಡಿಯುತ್ತದೆ. ಸ್ವಲ್ಪ ಪರಿಣಾಮ ಇದ್ದೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಿಜವಾಗಿ ನೋಡಬೇಕಾದ್ದು ಎಕ್ಸಾಸ್ಟ್ ಕಡೆ. ಚಿಕ್ಕ ಟರ್ಬೋವನ್ನು ಮಿತಿಮೀರಿ ದುಡಿಸಿದರೆ ಟರ್ಬೈನ್ (ಎಕ್ಸಾಸ್ಟ್ ಗಾಳಿ ತಿರುಗಿಸುವ ಟರ್ಬೋ ಚಕ್ರ) ಮುಂದಿನ ಒತ್ತಡ ಬೂಸ್ಟಿನ ಎರಡರಷ್ಟಾಗಬಹುದು. ಅದು ಎಕ್ಸಾಸ್ಟ್ ವಾಲ್ವನ್ನು ಹಿಂದಿನಿಂದ ತಳ್ಳುತ್ತದೆ. ಬೂಸ್ಟ್ ಗೇಜ್ ನೋಡಿ ಬೆವರುವವರಲ್ಲಿ ಇದನ್ನು ಅಳೆದವರು ಎಷ್ಟು ಜನ?

ಹಾಗಾದರೆ ಯಾವಾಗ? ದೊಡ್ಡ ಟರ್ಬೋ ಹಾಕಿ ಲಿಮಿಟರ್ (ಆರ್‌ಪಿಎಂ ಮಿತಿ) ಮೇಲಕ್ಕೆ ಏರಿಸುವಾಗ. ಲಿಫ್ಟ್ ಜಾಸ್ತಿ ಇರುವ, ಅಂದರೆ ವಾಲ್ವನ್ನು ಇನ್ನೂ ಹೆಚ್ಚು ತೆರೆಯುವ ಕ್ಯಾಮ್ ಹಾಕುವಾಗ, ಇಲ್ಲದಿದ್ದರೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಬಿಡುತ್ತವೆ. ಬೇರೆ ಕೆಲಸಕ್ಕೆ ಹೆಡ್ ಇಳಿಸಿದ್ದು, ಹಳೇ ಸ್ಪ್ರಿಂಗ್ ಟೆಸ್ಟರಿನಲ್ಲಿ ಸೋತಿದ್ದರೆ ಆಗಲೂ ಸರಿ. ಸುಮ್ನೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕ್ಯಾಮ್ ಮತ್ತು ಅದು ಒತ್ತುವ ಫಾಲೋವರ್ ಬೇಗ ಸವೆಯುತ್ತವೆ, ಅಷ್ಟೇ ಲಾಭ.

ಒಬ್ಬ ಹುಡುಗ ಸ್ಪ್ರಿಂಗ್ ಸೆಟ್ಟನ್ನು ಡಬ್ಬದ ಸಮೇತ ತಂದಿದ್ದ. ಫುಲ್ ಬೂಸ್ಟಿನಲ್ಲಿ ಗಾಡಿ ಜರ್ಕ್ ಹೊಡೆಯುತ್ತಿತ್ತು. ಪ್ಲಗ್ ಬಿಚ್ಚಿ ಕಿಡಿ ಹಾರುವ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿದೆ: 0.9 ಎಂಎಂ. ಅಷ್ಟು ಒತ್ತಡದಲ್ಲಿ ಕಿಡಿ ಆರಿಹೋಗುತ್ತಿತ್ತು. 0.6ಕ್ಕೆ ತಂದೆ, ಜರ್ಕ್ ಹೋಯಿತು. ಡಬ್ಬ ಒಡೆಯಲೇ ಇಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮದು ಡಿಎಸ್‌ಜಿ (ಆಟೊಮ್ಯಾಟಿಕ್ ಗೇರ್), ಬಚಾವಾದಿರಿ. ಮ್ಯಾನ್ಯುವಲ್‌ನವರು ಜೋರಾಗಿ ಹೋಗುವಾಗ 5ರಿಂದ 4ಕ್ಕೆ ಅಂತ ಎಳೆದು 2ಕ್ಕೆ ಹಾಕಿಬಿಡುತ್ತಾರೆ. ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಆದರೆ ಇಂಜಿನ್ ತಿರುಗಿಸುತ್ತಿರುವುದು ಚಕ್ರಗಳು. 9,000 ದಾಟುವುದು ಕ್ಷಣದ ಮಾತು. ಹಾಗೆ ಪಿಸ್ಟನ್‌ಗೆ ಬಡಿದು ಬಗ್ಗಿದ ವಾಲ್ವ್ ಒಂದು ನನ್ನ ಮೇಜಿನ ಮೇಲಿದೆ. ಆ ಇಂಜಿನ್ನಿನಲ್ಲಿ ಗಟ್ಟಿ ಸ್ಪ್ರಿಂಗೇ ಇತ್ತು, ಹೊಸದು.