ಗುಡ್ಡೆಯ ಮೇಲೆ ಗೇರು, ಬುಡದಲ್ಲಿ ಸುರಂಗ

ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆ ಎಷ್ಟೋ ಮನೆಗಳಿಗೆ ನೀರು ಎಂದರೆ ಸುರಂಗದ ನೀರು. ಗುಡ್ಡೆಗೆ ಅಡ್ಡಲಾಗಿ ಕೊರೆದ ಬಿಲ ಅದು. ಮೇಲೆ ಬಿದ್ದ ಮಳೆ ಮುರಕಲ್ಲಿನ (ಜಂಬಿಟ್ಟಿಗೆಯ) ಸಂದಿಯಲ್ಲಿ ಇಳಿದು, ಸುರಂಗದ ಬಾಯಿಗೆ ಬಂದು, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಅಂಗಳ ಸೇರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಇಲ್ಲಿನ ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್. ಅದರ ಕತೆಯನ್ನು ಎಲ್ಲರೂ ಹೆಲಿಕಾಪ್ಟರಿನಿಂದ ಶುರು ಮಾಡುತ್ತಾರೆ. ನಾನು ಈ ಗುಡ್ಡೆಯಿಂದಲೇ ಶುರು ಮಾಡುತ್ತೇನೆ.

ಇಲ್ಲಿನ ಮಣ್ಣು ಹುಳಿ. ಜೋರು ಮಳೆಗೆ ಸುಣ್ಣ, ಮೆಗ್ನೀಶಿಯಂ, ಪೊಟ್ಯಾಶ್ ಎಲ್ಲ ತೊಳೆದು ಹೋಗಿರುತ್ತದೆ. ಅಡಿಕೆಗೆ ತಗ್ಗು ಜಾಗ ಬೇಕು, ಸೊಪ್ಪು ಗೊಬ್ಬರ ಬೇಕು. ಆ ಸೊಪ್ಪು ಬರುತ್ತಿದ್ದುದೂ ಮೇಲಿನ ಕಾಡಿನಿಂದಲೇ. ಗೇರಿಗೆ ಇಷ್ಟೆಲ್ಲ ಉಪಚಾರ ಬೇಡ, ಬಡ ಮಣ್ಣಿನಲ್ಲೂ ಬದುಕುತ್ತದೆ. ಹಾಗಾಗಿ 1960ರ ದಶಕದಲ್ಲಿ ಈ ಗುಡ್ಡೆಗಳಿಗೆ ಸರಕಾರ ಗೇರನ್ನೇ ಆರಿಸಿದ್ದು ದಡ್ಡತನವೇನಲ್ಲ. ಮುಂದೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಕೈಯಲ್ಲಿ 4,500 ಹೆಕ್ಟೇರಿಗೂ ಜಾಸ್ತಿ ತೋಟವಾಯಿತು.

ಆದರೆ ಗುಡ್ಡೆ ತುಂಬ ಒಂದೇ ಮರ ಇದ್ದರೆ ಅದರ ಕೀಟಕ್ಕೂ ಹಬ್ಬ ಅಲ್ವಾ? ಚಿಗುರು, ಹೂ ಹೀರುವ ಟೀ ಸೊಳ್ಳೆ ಎಂಬ ಕೀಟ ಬಂತು. 1970ರ ದಶಕದ ಕೊನೆಗೆ ಹೆಲಿಕಾಪ್ಟರ್ ಬಂತು. ವರ್ಷಕ್ಕೆ ಎರಡು ಮೂರು ಸಲದಂತೆ 20 ವರ್ಷಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಸುರಿಯಿತು. ಸಿಂಪಡಿಸುವ ಮೊದಲು ಬಾವಿ ಮುಚ್ಚಬೇಕು ಎಂಬ ನಿಯಮವೇನೋ ಇತ್ತು. ಬಾವಿ ಮುಚ್ಚಬಹುದು. ಹರಿಯುವ ತೋಡಿಗೆ ಮುಚ್ಚಳ ಎಲ್ಲಿಂದ ತರುವುದು? ಈ ವಿಷ ಮಣ್ಣಿಗೆ ಅಂಟಿಕೊಳ್ಳುತ್ತದೆ. ಅಲ್ಲೇ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಇನ್ನೂ ಜಾಸ್ತಿ ದಿನ ಉಳಿಯುತ್ತದೆ. ಮಳೆ ಬಂದಾಗ ಮಣ್ಣಿನ ಜೊತೆ ಕೆಳಗೆ ಜಾರುತ್ತದೆ.

ಮೊದಲು ಸುಳಿವು ಕೊಟ್ಟದ್ದು ಊನವಾಗಿ ಹುಟ್ಟಿದ ಕರುಗಳು. ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಮೊದಲಲ್ಲೇ ಈ ಬಗ್ಗೆ ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರದ ಕಾಯಿಲೆ, ಬುದ್ಧಿಮಾಂದ್ಯ, ಕ್ಯಾನ್ಸರ್ ಇಷ್ಟೊಂದು ಯಾಕೆ ಎಂದು ಕೇಳತೊಡಗಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟು ಹತ್ತಿದರು. 2000ದ ಕೊನೆಯಲ್ಲಿ ಆಕಾಶದ ಸಿಂಪಡಣೆ ನಿಂತಿತು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಮಣ್ಣು, ನೀರು, ಹಾಲು, ಮನುಷ್ಯರ ರಕ್ತ ಪರೀಕ್ಷಿಸಿತು. ಎಲ್ಲದರಲ್ಲೂ ಎಂಡೋಸಲ್ಫಾನ್. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾ ಮಕ್ಕಳನ್ನು ಸಿಂಪಡಣೆ ನಡೆಯದ ಮೀಂಜದ ಮಕ್ಕಳ ಜೊತೆ ಹೋಲಿಸಿತು. ಸಿಂಪಡಣೆ ನಿಂತು ತಿಂಗಳುಗಳಾಗಿದ್ದರೂ ಪಡ್ರೆ ಮಕ್ಕಳ ರಕ್ತದಲ್ಲಿ ಅದು ಹೆಚ್ಚಾಗಿಯೇ ಇತ್ತು.

ಈಗ ದೊಡ್ಡವರ ಬಿಪಿ, ಹೃದಯದ ತೊಂದರೆಗೂ ಇದೇ ಕಾರಣವೇ ಎಂಬ ಪ್ರಶ್ನೆ ಏಳುತ್ತದೆ. ಸ್ವೀಡನ್ನಿನ ಉಪ್ಸಾಲಾದಲ್ಲಿ 70 ವರ್ಷದವರ ಮೇಲೆ ನಡೆದ ಅಧ್ಯಯನದಲ್ಲಿ ಎಂಡೋಸಲ್ಫಾನಿನಂತೆ ಕ್ಲೋರಿನ್ ಇರುವ ಪಿಸಿಬಿ ಎಂಬ ರಾಸಾಯನಿಕ ರಕ್ತದಲ್ಲಿ ಜಾಸ್ತಿ ಇದ್ದವರ ಕುತ್ತಿಗೆಯ ರಕ್ತನಾಳದಲ್ಲಿ ಕೊಬ್ಬಿನ ಪದರವೂ ಜಾಸ್ತಿ ಕಂಡಿತ್ತು. ಆದರೆ ಪಿಸಿಬಿ ಬೇರೆ, ಎಂಡೋಸಲ್ಫಾನ್ ಬೇರೆ. ಎಂಡೋಸಲ್ಫಾನ್ ಮುಖ್ಯವಾಗಿ ನರಗಳ ವಿಷ. ಎಲ್ಲ ಕಾಯಿಲೆಯನ್ನೂ ಸುಮ್ನೆ ಹೆಲಿಕಾಪ್ಟರಿಗೆ ಕಟ್ಟಿದರೆ ನಿಜವಾದ ದೂರಿನ ತೂಕವೇ ಕಡಿಮೆಯಾಗುತ್ತದೆ.

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನ್ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಿ ಎಂದಿತು. ಐದು ವರ್ಷ ಕಳೆದರೂ ಹಣ ಸಿಗದವರೇ ಹೆಚ್ಚಿದ್ದರು.

ಗುಡ್ಡೆಯ ಮಾತು ಅಷ್ಟಕ್ಕೇ ಮುಗಿಯಲಿಲ್ಲ. ಕರ್ನಾಟಕದ ಗಡಿಗೆ ಅಂಟಿಕೊಂಡ ಮಿಂಚಿಪದವಿನ ಗೇರು ತೋಟದ ಬಾವಿಯೊಂದರಲ್ಲಿ ಉಳಿದ ಎಂಡೋಸಲ್ಫಾನ್ ಹೂತಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೆ ಹೋಯಿತು. ಮತ್ತೆ ಅದೇ ಮಣ್ಣು, ಅದೇ ನೀರಿನ ಪರೀಕ್ಷೆಯ ಮಾತು.