ಒಂದೇ ಕಾಲುವೆಯ ಮೂರು ಗದ್ದೆ

ಸಿಂಧನೂರಿನ ರೈತರೊಬ್ಬರಿಗೆ ತುಂಗಭದ್ರಾ ಎಡದಂಡೆ ಕಾಲುವೆಯಡಿ ಮೂರು ಕಡೆ ಗದ್ದೆ, ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಪಾಲು ಇದೆ ಎಂದುಕೊಳ್ಳಿ. ಎಣಿಸಿದರೆ ಆಸ್ತಿ ನಾಲ್ಕು. ನಾಲ್ಕರ ಜೀವವೂ ಒಂದೇ ಜಲಾಶಯದ ನೀರಿನಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾದಾಗ ರಾಯಚೂರು, ಕೊಪ್ಪಳ, ಬಳ್ಳಾರಿಯ ಭತ್ತದ ರೈತರು ಒಟ್ಟಿಗೇ ಆತಂಕಕ್ಕೆ ಬಿದ್ದರು.

ಹೀಗೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದಕ್ಕೆ ಹೂಡಿಕೆಯಲ್ಲಿ ಸಹಸಂಬಂಧ ಎಂದು ಹೆಸರು. 1952ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ ಇದನ್ನು ಗಣಿತದ ಲೆಕ್ಕಕ್ಕೆ ತಂದರು. ತಲಾ ಶೇ 20 ಏರಿಳಿತವಿರುವ ಎರಡು ಷೇರುಗಳಲ್ಲಿ ಅರ್ಧರ್ಧ ಹಣ ಹಾಕಿ. ಒಂದರ ನಡೆಗೂ ಇನ್ನೊಂದಕ್ಕೂ ಸಂಬಂಧವಿಲ್ಲದಿದ್ದರೆ ಒಟ್ಟು ಏರಿಳಿತ ಶೇ 14ಕ್ಕೆ ಇಳಿಯುತ್ತದೆ. ಸಹಸಂಬಂಧ 0.9 ಇದ್ದರೆ (ಪೂರ್ತಿ ಒಟ್ಟಿಗೇ ನಡೆದರೆ 1) ಅದು ಶೇ 19.5ರಲ್ಲೇ ನಿಲ್ಲುತ್ತದೆ. ಐದು ಮ್ಯೂಚುವಲ್ ಫಂಡ್ ಇಟ್ಟುಕೊಂಡು, ಐದರೊಳಗೂ ಅವೇ ಬ್ಯಾಂಕ್ ಷೇರುಗಳಿದ್ದರೆ ಅಪಾಯ ಹಂಚಿಹೋಗಿಲ್ಲ.

ಹಂಚಿದ್ದೂ ಹಾಗೇ ಉಳಿಯುವುದಿಲ್ಲ. 10 ಲಕ್ಷದಲ್ಲಿ 6 ಲಕ್ಷ ಷೇರು, 4 ಲಕ್ಷ ಬಾಂಡ್ ಎಂದಿಟ್ಟುಕೊಳ್ಳಿ. ಷೇರು ಅರ್ಧದಷ್ಟು ಏರಿದರೆ 9 ಲಕ್ಷ. ಪಾಲು ಶೇ 69. ಮೊದಲಿನ 60ಕ್ಕೆ ಮರಳಲು 1.2 ಲಕ್ಷದ ಷೇರು ಮಾರಬೇಕು. ಬದಲಿಗೆ ಶೇ 30 ಕುಸಿದರೆ ಉಳಿಯುವುದು 4.2 ಲಕ್ಷ, ಆಗ ಬಾಂಡಿನಿಂದ 72,000 ತೆಗೆದು ಷೇರಿಗೆ ಹಾಕಬೇಕು. ಬಹಳ ಜನ ಎಡವುವುದು ಇಲ್ಲೇ: ಎಲ್ಲರೂ ಮಾರುವಾಗ ಕೊಳ್ಳಲು ಕೈ ಬರುವುದಿಲ್ಲ. ಆದ್ದರಿಂದ ಪಾಲು 5 ಅಂಶ ಆಚೀಚೆ ಆದರೆ ಮಾತ್ರ ಮುಟ್ಟುವುದೆಂದು ಮೊದಲೇ ಬರೆದಿಡುವುದು ಒಳ್ಳೆಯದು.

ಕೆಲವು ಫಂಡ್ ಮ್ಯಾನೇಜರ್‌ಗಳು ಇದಕ್ಕೆ ತದ್ವಿರುದ್ಧವಾಗಿ, ಏರಿಳಿತ ಹೆಚ್ಚಿದಾಗ ಷೇರು ಮಾರುತ್ತಾರೆ. ಒಟ್ಟು ಏರಿಳಿತ ಶೇ 10 ಮೀರಬಾರದೆಂಬುದು ಅವರ ಗುರಿ. ಮಾರುಕಟ್ಟೆಯ ಏರಿಳಿತ ಶೇ 15 ಇದ್ದಾಗ ಮೂರರಲ್ಲಿ ಎರಡು ಪಾಲು ಷೇರು. ಅದು 30ಕ್ಕೇರಿದರೆ ಮೂರರಲ್ಲಿ ಒಂದೇ ಪಾಲು. ಒಬ್ಬರು ಮಾಡಿದರೆ ಇದು ಜಾಗ್ರತೆ. ನೂರು ಮಂದಿ ಒಂದೇ ದಿನ ಮಾಡಿದರೆ ಆ ಮಾರಾಟವೇ ಏರಿಳಿತ ಹೆಚ್ಚಿಸಿ, ಇನ್ನಷ್ಟು ಮಾರಿಸುತ್ತದೆ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಸುಮಾರು ಶೇ 13 ಕುಸಿಯಿತು. ನಗದಿಗಾಗಿ ಜನ ಚಿನ್ನವನ್ನೂ ಮಾರಿದ್ದರಿಂದ ಆ ತಿಂಗಳು ಅದರ ಬೆಲೆಯೂ ಕೆಲ ದಿನ ಇಳಿದಿತ್ತು. ಭಯ ಹೊಕ್ಕಾಗ ಬೇರೆ ಬೇರೆ ಕಾಲುವೆಗಳೂ ಒಂದಾಗಿಬಿಡುತ್ತವೆ.

ಮಾರಿದರೆ ಖರ್ಚೂ ಇದೆ. 2024ರ ಜುಲೈ 23ರ ನಂತರ, ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ ಶೇ 20 ತೆರಿಗೆ. ಆದ್ದರಿಂದ ಹತ್ತಿಯೋ ಭತ್ತವೋ ಮಾರಿ ಬಂದ ಹೊಸ ಹಣವನ್ನು ಮೊದಲು ಹಿಂದುಳಿದ ಪಾಲಿಗೆ ಸೇರಿಸಿ. ಸಾಲದಿದ್ದರೆ ಮಾತ್ರ ಮಾರಿ. ಮುಂಗಾರಿಗೆ ಬೀಜ, ಗೊಬ್ಬರಕ್ಕೆ ಬೇಕಾದ ದುಡ್ಡು ಈ 60–40ರ ಲೆಕ್ಕದೊಳಗೆ ಬರಲೇಬಾರದು. ಮಾರುಕಟ್ಟೆ ಚೇತರಿಸಿಕೊಳ್ಳುವವರೆಗೆ ಬಿತ್ತನೆ ಕಾಯುವುದಿಲ್ಲ.